ತಾತಯ್ಯನ ಪಿಕಪ್‌ಗೆ ಟ್ರ್ಯಾಕ್ಟರಿನ ರೇಡಿಯೇಟರ್

ನಮ್ಮ ಮನೆಯಲ್ಲಿ ಜಗಳ ಎರಡು ಭಾಷೆಯಲ್ಲಿ ನಡೆಯುತ್ತಿತ್ತು. ಅಪ್ಪ ಗದಗಿನ ಕಡೆಯವರು. ನೌಕಾಪಡೆ ಸೇರಿ, ಹಡಗುಗಳ ಎಂಜಿನ್ ಕೋಣೆಯಲ್ಲಿ ಯೌವನ ಕಳೆದು, ಪಿಂಚಣಿ ಬಂದ ಮೇಲೂ ವಿಶಾಖಪಟ್ಟಣದಲ್ಲೇ ಉಳಿದವರು. ಅಮ್ಮ ವಿಜಯವಾಡದವಳು. ಸಿಟ್ಟಿಲ್ಲದಾಗ ಅವಳು ಅಪ್ಪನ ಕನ್ನಡವನ್ನೇ ಆಡುತ್ತಿದ್ದಳು, ನಡುನಡುವೆ ಗಂಡನನ್ನು ಕರೆಯುವ ತನ್ನ ತೆಲುಗಿನ 'ಏವಂಡೀ' ಸೇರಿಸಿಕೊಂಡು. ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಿದ್ದಳು, ಅಪ್ಪ ಅಪ್ಪಟ ಗದಗಿಗೆ ಇಳಿಯುತ್ತಿದ್ದರು. ನಡುವೆ ಕೂತ ನಾನು ಇಬ್ಬರಿಗೂ ಅರ್ಥವಾಗುವ ಹಾಗೆ ಅಳುತ್ತಿದ್ದೆ. ಊಟಕ್ಕೂ ಎರಡು ಊರು. ಮಧ್ಯಾಹ್ನ ಅನ್ನ, ಪಪ್ಪು, ಗೋಂಗೂರ ಪಚ್ಚಡಿ; ಊರಿಂದ ಯಾರಾದರೂ ಜೋಳದ ಹಿಟ್ಟು ತಂದುಕೊಟ್ಟಿದ್ದರೆ ಸಂಜೆ ರೊಟ್ಟಿ. ತಟ್ಟೆ ಮುಂದೆ ಕೂತ ಮೇಲೆ ಜಗಳ ಆಡಬಾರದು ಎಂಬುದು ಮನೆಯ ಕಟ್ಟಳೆ. ತಾನು ಸೋಲುತ್ತಿದ್ದೇನೆ ಅನ್ನಿಸಿದ ಕೂಡಲೇ ಅಮ್ಮ ಹೊತ್ತಲ್ಲದ ಹೊತ್ತಿನಲ್ಲೂ ತಟ್ಟೆ ಹಾಕಿಬಿಡುತ್ತಿದ್ದಳು.

ನಾವಿದ್ದದ್ದು ಪೆಂಡುರ್ತಿಯಲ್ಲಿ. ಆಗ ಅಲ್ಲಿ ಸೈಟುಗಳಿಗಿಂತ ಗೋಡಂಬಿ ಗಿಡಗಳೇ ಹೆಚ್ಚು. ಮನೆಯಲ್ಲಿ ಮುಂದಿನ ಕೋಣೆ, ಅಡುಗೆಮನೆ, ಇವೆರಡರ ನಡುವೆ ದೇವರು ಮತ್ತು ಅಕ್ಕಿ ಡಬ್ಬ ಜೊತೆಯಾಗಿದ್ದ ಒಂದು ಕಿರುಕೋಣೆ. ಆದರೆ ಅಂಗಳ ಮಾತ್ರ ಮನೆಗಿಂತ ದೊಡ್ಡದು. ಅಮ್ಮ ಅದನ್ನು ಗಿಡಗಳಿಂದ ತುಂಬಿದ್ದಳು. ಸುತ್ತ ಹೊಸ ಮನೆಗಳು ಏಳುತ್ತಿದ್ದವು. ಮನೆ ಕಟ್ಟಿದವರಿಗೆ ತೆಂಗಿನ ಸಸಿ ಬೇಕು, ಮಲ್ಲಿಗೆ ಬಳ್ಳಿ ಬೇಕು, ಕ್ರೋಟನ್ ಬೇಕು. ಅಮ್ಮ ಗೋದಾವರಿ ತೀರದ ಕಡಿಯಂನ ನರ್ಸರಿಗಳಿಂದ ಗಿಡ ತರಿಸಿ ಮಾರುತ್ತಿದ್ದಳು. ಬಾಡಿಗೆ ಲಾರಿಯವರು ಗಿಡಗಳನ್ನು ಇಟ್ಟಿಗೆಯ ಹಾಗೆ ಒಟ್ಟಿ ತರುತ್ತಿದ್ದರು. ಮುರಿದ ಟೊಂಗೆಗಳಿಗೆ ಅವಳು ಹಳೆ ಸೀರೆಯ ಚಿಂದಿ ಸುತ್ತುತ್ತ, ನನಗೊಂದು ಸ್ವಂತ ಬಂಡಿ ಇದ್ದಿದ್ದರೆ ಎನ್ನುತ್ತಿದ್ದಳು. ಬಂಡಿ ಓಡಿಸಲು ಅವಳಿಗೆ ಬರುತ್ತಿತ್ತು. ವಿಜಯವಾಡದಲ್ಲಿ ತಾತಯ್ಯ, ಅಂದರೆ ಅವಳ ತಂದೆ, ಉದ್ದ ಮೂಗಿನ ಒಂದು ಹಳೆಯ ವಿಲಾಯಿತಿ ಪಿಕಪ್ ಇಟ್ಟುಕೊಂಡಿದ್ದರು. ಮಾವಿನ ಬುಟ್ಟಿ ಸಾಗಿಸುವ ಆ ಗಾಡಿಯಲ್ಲೇ ಮಗಳಿಗೆ ಕಾಲುವೆ ದಂಡೆಯ ಮೇಲೆ ಡ್ರೈವಿಂಗ್ ಕಲಿಸಿದ್ದರು. ತಾತಯ್ಯ ತೀರಿಕೊಂಡಾಗ ಮಾಮಯ್ಯ, ಅಂದರೆ ಅಮ್ಮನ ತಮ್ಮ, ಅಪ್ಪನ ನೆನಪಿಗೆ ಏನು ಒಯ್ಯುತ್ತೀ ಅಕ್ಕಾ ಎಂದು ಕೇಳಿದ. ಅಮ್ಮ ಪಿಕಪ್ ಎಂದಳು. ಮಾಮಯ್ಯ ನಕ್ಕ. ಅದರ ಪೆಟ್ರೋಲ್ ಎಂಜಿನ್ ಬಿರುಕುಬಿಟ್ಟು, ಗಾಡಿ ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು.

ಲಾರಿಯ ಬೆನ್ನೇರಿ ಬಂದ ಆ ಪಿಕಪ್ ನಮ್ಮ ಅಂಗಳದ ಹುಣಸೆಮರದ ಕೆಳಗೆ ಇಳಿಯಿತು. ಬಾನೆಟ್ಟಿನ ಹಸಿರು ಬಣ್ಣ ಮಾಸಿತ್ತು, ಆದರೆ ಅದರ ಮೂಗು ಚಂದವಿತ್ತು. ಎದುರಿನ ಜಾಲರಿ ಯಾರೋ ತುಟಿ ಬಿಗಿಹಿಡಿದು ನಗು ತಡೆದ ಹಾಗೆ ಕಾಣುತ್ತಿತ್ತು. ಅಪಘಾತದಲ್ಲಿ ಜಜ್ಜಿಹೋದ ಒಂದು ಜೀಪಿನ ಡೀಸೆಲ್ ಎಂಜಿನ್ ಅಪ್ಪನ ಕೈಗೆ ಸಿಕ್ಕಿತ್ತು. ಹುಣಸೆಮರದ ಟೊಂಗೆಗೆ ಚೈನ್ ಬಿಗಿದು, ಹಳೆಯದನ್ನು ಎತ್ತಿ ಹೊಸದನ್ನು ಇಳಿಸಿದರು. ಭಾನುವಾರಗಳೆಲ್ಲ ಅದಕ್ಕೇ ಹೋದವು. ಎಂಜಿನ್ ಮೊದಲ ಸಲ ಗುಡುಗಿದ ದಿನ ಅಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ಪಕ್ಕದ ಮನೆಯ ಪದ್ಮಾ ಆಂಟಿ ನೋಡಲು ಬಂದರು. ಅವರು ಮಂಡ್ಯದವರು, ಅವರ ಯಜಮಾನರೂ ನೌಕಾಪಡೆಯಲ್ಲಿದ್ದರು. ಸೀರೆ ಉಟ್ಟ ಹೆಂಗಸು ಸ್ಟಿಯರಿಂಗ್ ಹಿಡಿದು ಗೇಟಿನಿಂದ ಆಚೆ ಹೋದದ್ದನ್ನು ಕಂಡು ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು.

ಎಲ್ಲ ಸರಿ, ಒಂದು ತಪ್ಪು. ಗಾಡಿ ಕುದಿಯುತ್ತಿತ್ತು. ಎಂಜಿನ್ ಬದಲಾಗಿತ್ತು, ರೇಡಿಯೇಟರ್ ಮಾತ್ರ ತಾತಯ್ಯನ ಕಾಲದ್ದೇ. ಎಂಜಿನ್ನಿನ ಬಿಸಿನೀರು ಅದರ ಸಣ್ಣ ಕೊಳವೆಗಳಲ್ಲಿ ಇಳಿದು, ಗಾಳಿಗೆ ತಣಿದು ವಾಪಸು ಹೋಗಬೇಕು. ಎಷ್ಟೋ ವರ್ಷ ಗಡಸುನೀರು ಕುಡಿದ ಆ ಕೊಳವೆಗಳಲ್ಲಿ ಸುಣ್ಣ ಕಟ್ಟಿತ್ತು. ಊರೊಳಗೆ ಓಡಾಡುವಾಗ ಹೇಗೋ ನಡೆಯುತ್ತಿತ್ತು. ಭಾರ ಹೊತ್ತು ಹೆದ್ದಾರಿ ಹಿಡಿದರೆ ಶಾಖ ತೋರಿಸುವ ಮುಳ್ಳು ಕೆಂಪಿನ ಕಡೆ ಹತ್ತುತ್ತಿತ್ತು. ಅಪ್ಪ ಹಡಗಿನವರು. ರೇಡಿಯೇಟರ್ ಎಂಬ ವಸ್ತುವಿನ ಮೇಲೆ ಅವರಿಗೆ ಸ್ವಲ್ಪ ತಾತ್ಸಾರವೇ ಇತ್ತು.

"ಹಡಗಿನ್ಯಾಗ ಇವೆಲ್ಲಾ ಎಲ್ಲಿ ಅದಾವ? ಸುತ್ತ ಸಮುದ್ರನ ಅದ. ಪಂಪ್ ಹಚ್ಚು, ನೀರ ಎಳಿ, ತಣ್ಣಗ ಮಾಡು, ಮುಗೀತು."

"ಏವಂಡೀ, ನಾನು ಸಮುದ್ರದಾಗ ಗಿಡ ತರಂಗಿಲ್ಲ," ಎನ್ನುತ್ತಿದ್ದಳು ಅಮ್ಮ.

ಬೇಸಿಗೆ ಕಾಲಿಡುತ್ತಿದ್ದ ದಿನಗಳು. ಅಮ್ಮನ ಜೊತೆ ನಾನೂ ಕಡಿಯಂಗೆ ಹೋಗಿದ್ದೆ. ಗಿಡ ತುಂಬಿಕೊಂಡು ಬರುವಾಗ ಅನ್ನವರಂ ದಾಟಿದ ಮೇಲೆ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಆವಿ ಬಂತು. ಅಮ್ಮ ರಸ್ತೆಯ ಬದಿಗೆ ನಿಲ್ಲಿಸಿದಳು. ಕಾಯಬೇಕಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೆ ಹಿಂದೆ ಬಿಸಿಲಿನಲ್ಲಿ ಗುಲಾಬಿ ಗಿಡಗಳು ಕತ್ತು ಚೆಲ್ಲುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾನೆಟ್ ಎತ್ತಿ, ಗೋಣಿಚೀಲ ಮಡಿಸಿ ರೇಡಿಯೇಟರಿನ ಮುಚ್ಚಳದ ಮೇಲಿಟ್ಟು ತಿರುಗಿಸಿದಳು. ಮುಚ್ಚಳ ಕೈಯಿಂದ ಹಾರಿತು, ಕುದಿನೀರು ಚಿಮ್ಮಿತು. ಅಮ್ಮ ಕೂಗಲಿಲ್ಲ, ಉಸಿರು ಒಳಕ್ಕೆಳೆದ ಸದ್ದು ಮಾತ್ರ ಕೇಳಿಸಿತು. ಬಲಗೈ ಮುಂಗೈಯಿಂದ ಮೊಣಕೈವರೆಗೆ ಕೆಂಪಾಗಿತ್ತು. ಹತ್ತಿರದ ಎಳನೀರು ಅಂಗಡಿಯವಳು ಓಡಿ ಬಂದು ಅವಳನ್ನು ಬೋರಿಂಗ್ ಪಂಪಿನ ಹತ್ತಿರ ಕರೆದೊಯ್ದಳು. ನಾನು ಪಂಪಿನ ಹಿಡಿಗೆ ಜೋತುಬಿದ್ದು ಒತ್ತುತ್ತ ಅಳುತ್ತಿದ್ದೆ. ಕೈಯನ್ನು ನೀರಿನ ಕೆಳಗೆ ಹಿಡಿದುಕೊಂಡೇ ಅಮ್ಮ ಹೇಳಿದಳು:

"ರೇಣೂ, ಅಳಬ್ಯಾಡ ತಲ್ಲೀ. ಬಕೆಟ್ ತಗೊಂಡು ಗಿಡಕ್ಕ ನೀರ ಹಾಕು, ಹೋಗು."

ತುನಿಯ ಆಸ್ಪತ್ರೆಯಲ್ಲಿ ಕೈಗೆ ಬಟ್ಟೆ ಸುತ್ತಿದರು. ಅಂಗಡಿಯವಳ ಗಂಡ ನಮ್ಮ ಗಾಡಿಯನ್ನು ತಣಿಸಿ, ನಿಧಾನ ಓಡಿಸಿ ಮನೆಯವರೆಗೂ ತಂದುಬಿಟ್ಟ. ಗೇಟಿನಲ್ಲಿ ನಿಂತಿದ್ದ ಅಪ್ಪ ಆ ಬಿಳಿಯ ಬಟ್ಟೆ ನೋಡಿದರು. ಅಮ್ಮನನ್ನು ಒಳಗೆ ಕೂರಿಸಿದರು, ತಾವೇ ಅನ್ನ ಕಲಸಿ ತುತ್ತು ಕೊಟ್ಟರು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಪಿಕಪ್ ಮೇಲೆ ಟಾರ್ಪಾಲು ಹೊದಿಸಿ, ಹಗ್ಗದಿಂದ ಬಿಗಿಯಾಗಿ ಕಟ್ಟಿತ್ತು.

"ಇದನ್ನ ಕೊಟ್ಟುಬಿಡೂದು," ಎಂದರು ಅಪ್ಪ.

"ನಮ್ಮ ನಾನ್ನಗಾರಿ, ನಮ್ಮ ಅಪ್ಪನ ಬಂಡಿ ಅದು. ಕೊಡಂಗಿಲ್ಲ."

"ಕೈ ಸುಟ್ಟಕೊಂಡು ಬಂದೀ. ನಾಳೆ ಮುಖ ಸುಟ್ಟರ? ಹುಡುಗಿ ಮ್ಯಾಲ ಬಿದ್ದರ?"

ಅಮ್ಮ ತೆಲುಗಿಗೆ ಹೋದಳು, ಅಪ್ಪ ಗದಗಿಗೆ. ಜಗಳ ದಿನಗಟ್ಟಲೆ ನಡೆಯಿತು. ಅಮ್ಮ ಈ ಸಲ ತಟ್ಟೆ ಹಾಕಿ ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಅಡುಗೆ ಮಾಡುತ್ತಲೇ ವಾದಿಸಿದಳು: ಗಂಡಸರು ಓಡಿಸುವ ಗಾಡಿ ಕುದಿಯುವುದಿಲ್ಲವೇ? ಅವರೆಲ್ಲ ಗಾಡಿ ಮಾರುತ್ತಾರೆಯೇ? ನಾನು ಹೆಂಗಸು ಅಂತ ತಾನೆ? ಆಗ ಅಪ್ಪ, ಜಗಳದಲ್ಲೂ ಎಂದೂ ದನಿ ಎತ್ತದವರು, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಹೊಡೆದರು.

"ಹೆಂಗಸು ಗಂಡಸು ಅಲ್ಲ ಸುಗುಣಾ! ಉಗಿ ಅಂದ್ರ ಏನಂತ ನಿನಗ ಗೊತ್ತಿಲ್ಲ. ನಾ ನೋಡೀನಿ. ಪೈಪ್ ಒಡದಾಗ ನನ್ನ ಮಗ್ಗಲದಾಗ ನಿಂತಾಂವ... ಅವನನ್ನ ಎತ್ತಿದ್ದು ನಾನು. ಎತ್ತಿದ ಕೈ ಇವು."

ಕೈ ಚಾಚಿ ತೋರಿಸಿದರು. ಹಡಗಿನ ಕಥೆಗಳನ್ನು ಅಪ್ಪ ನನಗೆ ಎಷ್ಟೋ ಹೇಳಿದ್ದರು: ಹಾರುವ ಮೀನು, ಅಂಡಮಾನಿನ ಮಳೆ, ತೂಗುವ ಹಾಸಿಗೆಯಿಂದ ಬಿದ್ದ ಅಡುಗೆಯವನು. ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮ ಒಲೆ ಆರಿಸಿದಳು. ಹತ್ತಿರ ಹೋಗಿ ತನ್ನ ಸುಟ್ಟಿರದ ಕೈಯಿಂದ ಅವರ ಕೈ ಹಿಡಿದುಕೊಂಡಳು. ಆಮೇಲೆ ಅವಳು ಕನ್ನಡದಲ್ಲಿ, ತೀರ ಮೆಲ್ಲಗೆ ಹೇಳಿದಳು:

"ಹಂಗಾದ್ರ ಬಂಡಿ ನಿಲ್ಲಿಸಬ್ಯಾಡ್ರಿ. ಕುದಿಯೂದು ನಿಲ್ಲಿಸ್ರಿ. ನಿಮಗ ಅದು ಬರ್ತದ."

ಯಾರಾದರೂ ಸಿಟ್ಟಿನಿಂದ ಬೇಡ ಎಂದಾಗ, ಇವರು ಏನನ್ನು ಕಂಡು ಹೆದರಿದ್ದಾರೆ ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಆ ಅಡುಗೆಮನೆಯಿಂದ. ಮುಂದೆ ಶಾಲೆಯಲ್ಲಿ ಪಾಠ ಹೇಳುವಾಗ, ಮಕ್ಕಳ ತಂದೆತಾಯಿಯರ ಎದುರು ಕೂತಾಗ, ಅದು ನನಗೆ ಓದಿದ ಪುಸ್ತಕಗಳಿಗಿಂತ ಹೆಚ್ಚು ಒದಗಿದೆ.

ಟಾರ್ಪಾಲು ಬಿಚ್ಚಿತು. ಅಪ್ಪ ಹಳೆಯ ರೇಡಿಯೇಟರ್ ಕಳಚಿ ತಂದು ಮುಂದಿನ ಕೋಣೆಯ ಗೋಡೆಗೆ ಒರಗಿಸಿದರು. ಅದು ರಿಪೇರಿಗೆ ಬಾರದು, ಬೇರೆಯದೇ ಬೇಕು. ಯಾವುದು ಎಂಬುದೇ ಪ್ರಶ್ನೆ. ಅಪ್ಪನ ಪ್ರಕಾರ ಲಾರಿಯದು. ದೊಡ್ಡದಿದ್ದಷ್ಟೂ ಒಳ್ಳೆಯದು, ಇನ್ನು ಜನ್ಮದಲ್ಲಿ ಕುದಿಯಬಾರದು. ಆದರೆ ಲಾರಿಯದು ಕೂರಬೇಕಾದರೆ ಪಿಕಪ್ಪಿನ ಮೂಗು ಕತ್ತರಿಸಬೇಕು. ಆ ಮಾತಿಗೆ ಅಮ್ಮ ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದಳು. ಸಂಜೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹರಿದು, ಗಾಡಿಯ ಮುಂದೆ ಕೂತು, ರೇಡಿಯೇಟರ್ ಇದ್ದ ಖಾಲಿ ಜಾಗದ ಆಕಾರಕ್ಕೆ ಸರಿಯಾಗಿ ರಟ್ಟು ಕತ್ತರಿಸಿದಳು. ರವಿಕೆಯ ಬಟ್ಟೆ ಕತ್ತರಿಸುವ ಕೈ ಅದು. ಬೋಲ್ಟುಗಳ ತೂತು, ನೀರಿನ ಪೈಪು ಬರುವ ಜಾಗ, ಎಲ್ಲ ಕಾಡಿಗೆಯಿಂದ ಗುರುತು ಹಾಕಿದಳು. ಅಪ್ಪ ಅಳೆದು ನೋಡಿ, ಹೂಂ ಎಂದು ತಲೆಯಾಡಿಸಿದರು.

ಬೇಸಿಗೆ ರಜೆಯಲ್ಲಿ, ಅಮ್ಮನ ಕೈ ಮಾಯ್ದ ಮೇಲೆ, ನಾವು ಮೂವರೂ ದುವ್ವಾಡದಲ್ಲಿ ರೈಲು ಹತ್ತಿದೆವು. ಅಮ್ಮ ರಟ್ಟನ್ನು ದೇವರ ಪಟದ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ವಿಜಯವಾಡದ ಬಿಸಿಲನ್ನು ಕಂಡವರಿಗಷ್ಟೇ ಗೊತ್ತು. ಸ್ಟೇಷನ್ನಿನ ಕಲ್ಲುಬೆಂಚು ಕೂಡ ಹಂಚಿನ ಹಾಗೆ ಕಾದಿತ್ತು. ಮಾಮಯ್ಯ ಬಂದು ಆಟೋನಗರಕ್ಕೆ ಕರೆದೊಯ್ದ. ಅಲ್ಲಿ ಒಂದೊಂದು ಬೀದಿಗೆ ಒಂದೊಂದು ಸಾಮಾನು: ಒಂದರಲ್ಲಿ ಬರೀ ಬಾಗಿಲು, ಒಂದರಲ್ಲಿ ಬರೀ ಸ್ಪ್ರಿಂಗು. ರೇಡಿಯೇಟರ್ ಬೀದಿಯಲ್ಲಿ ಅವು ಗೋಡೆಗೆ ಸಾಲಾಗಿ ಒರಗಿ ನಿಂತಿದ್ದವು, ಬೆಸುಗೆಯ ಘಾಟು ಮೂಗಿಗೆ ಅಡರುತ್ತಿತ್ತು. ಮಾಮಯ್ಯ ಮೊದಲೇ ಒಂದು ಲಾರಿಯ ರೇಡಿಯೇಟರ್ ನೋಡಿಟ್ಟಿದ್ದ.

"ಬಾವಗಾರೂ, ಇದಿ ಚೂಡಂಡಿ. ಏನುಗು!" ಎಂದ. ಭಾವನವರೇ, ಇದನ್ನು ನೋಡಿ, ಆನೆ ಇದ್ದ ಹಾಗಿದೆ.

ಆನೆಯೇ. ಅಪ್ಪ ಅದರ ಮೇಲೆ ರಟ್ಟು ಇಟ್ಟರು. ಸುತ್ತಲೂ ಗೇಣುಗಟ್ಟಲೆ ಹೊರಗೆ ಉಳಿಯಿತು. ಅವರು ಒಮ್ಮೆ ರಟ್ಟನ್ನು, ಒಮ್ಮೆ ಅಮ್ಮನನ್ನು ನೋಡಿದರು. ಅಮ್ಮ ಬೇರೆ ಕಡೆ ನೋಡುತ್ತಿದ್ದಳು. ಸುಟ್ಟು ಮಾಯ್ದ ಗುಲಾಬಿ ಚರ್ಮದ ಮೇಲೆ ಸೆರಗು ಹೊದ್ದುಕೊಂಡಿದ್ದಳು. ಅವಳು ಬೇಡ ಎಂದಿದ್ದರೆ ಅಪ್ಪ ವಾದಕ್ಕೆ ನಿಲ್ಲುತ್ತಿದ್ದರು. ಅವಳು ಸುಮ್ಮನಿದ್ದಳು.

"ಬ್ಯಾಡ," ಎಂದರು ಅಪ್ಪ ಮಾಮಯ್ಯನಿಗೆ. "ಮೂಗ ಕತ್ತರಿಸಿದ್ರ ಬಾನೆಟ್ ಸರಿ ಕೂಡೂದಿಲ್ಲ. ನಿಮ್ಮ ಅಪ್ಪಾರ ಬಂಡಿ, ಹಂಗ ಇರಲಿ."

ಬಾನೆಟ್ಟನ್ನು ಕೂರಿಸುವುದು ಅಪ್ಪನಿಗೆ ಕಷ್ಟದ ಕೆಲಸವೇನೂ ಆಗಿರಲಿಲ್ಲ. ಅದು ಅಮ್ಮನಿಗೂ ಗೊತ್ತಿತ್ತು. ಅವಳು ತಿರುಗಿ ನೋಡಿದಳು, ಮುಖ ಒಮ್ಮೆಲೇ ಹಗುರಾಯಿತು. ಆಮೇಲೆ ಸಾಲಿನಲ್ಲಿ ತಾನೇ ನಡೆಯತೊಡಗಿದಳು, ರಟ್ಟನ್ನು ಒಂದೊಂದಕ್ಕೂ ಹಚ್ಚಿ ನೋಡುತ್ತ. ಜೀಪಿನದು ಚಿಕ್ಕದು, ಕಾರಿನದು ತೆಳ್ಳಗೆ. ಸಾಲಿನ ಕೊನೆಯಲ್ಲಿ ಧೂಳು ಹೊದ್ದ ಒಂದು ನಿಂತಿತ್ತು. ಎತ್ತರ ಕಡಿಮೆ, ಆದರೆ ಹಾಸಿಗೆ ಮಡಿಸಿಟ್ಟ ಹಾಗೆ ದಪ್ಪ. ಹಿಂಬದಿಗೆ, ಫ್ಯಾನನ್ನು ಸುತ್ತುವರಿಯಲು, ಅದರದೇ ತಗಡಿನ ಬಳೆ ಜೋಡಿಸಿತ್ತು. ರಟ್ಟು ಇಟ್ಟಳು. ಅಂಚಿಗೆ ಅಂಚು ಕೂತಿತು; ಮೇಲಿನ ಪೈಪು ಮಾತ್ರ ತುಸು ಓರೆ.

"ಇದು ಯಾವುದರದು?"

"ಟ್ರ್ಯಾಕ್ಟರ್‌ದಮ್ಮಾ," ಎಂದ ಅಂಗಡಿಯವನು.

ಮಾಮಯ್ಯ ಮತ್ತೆ ನಕ್ಕ. ಅಮ್ಮ ನಗಲಿಲ್ಲ.

"ಏವಂಡೀ, ಟ್ರ್ಯಾಕ್ಟರ್ ಹೊಲದಾಗ ಎಷ್ಟು ಮೆಲ್ಲಗ ಹೋಗ್ತದ! ಎದುರು ಗಾಳಿನೇ ಇರಂಗಿಲ್ಲ. ನೇಗಿಲು ಎಳೀತದ, ದಿನವಿಡೀ. ಆದ್ರೂ ಕುದಿಯಂಗಿಲ್ಲ ಅಲ್ಲಾ?"

ಅಪ್ಪ ಕುಕ್ಕರುಗಾಲಿನಲ್ಲಿ ಕೂತರು. ಬಳೆಯೊಳಗೆ ಕೈ ಹಾಕಿ ಆಳ ನೋಡಿದರು. ಅವರ ಮುಖದಲ್ಲಿ ಏನೋ ತೆರೆದುಕೊಂಡಿತು.

"ನಮ್ಮ ಎಂಜಿನ್ ಗಿಡ್ಡ ಅದ. ಅದಕ್ಕ ಫ್ಯಾನ್ ರೇಡಿಯೇಟರಿನಿಂದ ದೂರ ಉಳದದ. ಗಾಳಿ ಅತ್ತಿತ್ತ ಸೋರಿ ಹೋಗ್ತದ. ಸುಣ್ಣ ಒಂದ ಅಲ್ಲ ಸುಗುಣಾ, ಇದೂ ತಪ್ಪು ಇತ್ತು. ಇದು ದಪ್ಪ ಅದ, ಫ್ಯಾನಿನ ಹತ್ರ ಬರ್ತದ. ಈ ತಗಡಿನ ಬಳಿ ಗಾಳೀನ್ನ ಹಿಡದ ಇಡ್ತದ." ಎದ್ದು ನಿಂತು, ಅಂಗಡಿಯವನಿಗೆ ತಮ್ಮ ಹರಕು ತೆಲುಗಿನಲ್ಲಿ ಹೇಳಿದರು: "ಇದೇ ಕಾವಾಲಿ." ಇದೇ ಬೇಕು.

ಸೋರುತ್ತದೆಯೇ ಎಂದು ನೋಡಬೇಕಿತ್ತು. ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿ ತುಂಬಿ, ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ನಾವೆಲ್ಲ ತೊಟ್ಟಿಯ ಮೇಲೆ ಬಗ್ಗಿದೆವು. ಒಂದು ಮೂಲೆಯಿಂದ ಗುಳ್ಳೆಗಳು ಎದ್ದವು. ಅಂಗಡಿಯವನು ಎತ್ತಿ ಬೆಸುಗೆ ಹಾಕಿ ಮತ್ತೆ ಮುಳುಗಿಸಿದ. ನೀರು ಅಲುಗಿತು, ನಿಂತಿತು. ಒಂದು ಗುಳ್ಳೆಯೂ ಬರಲಿಲ್ಲ. ತೊಟ್ಟಿಯ ನೀರಿನಲ್ಲಿ ನಮ್ಮ ಮುಖಗಳು ಒಟ್ಟಿಗೆ ಕಾಣುತ್ತಿದ್ದವು. ಮಾಮಯ್ಯನ ಮುಖವೂ ಅವುಗಳಲ್ಲಿತ್ತು. ಅವನು ನಗುವುದನ್ನು ಬಿಟ್ಟು ಉಸಿರು ಹಿಡಿದಿದ್ದ. ವಾಪಸಾಗುವ ರೈಲಿನಲ್ಲಿ ಅಮ್ಮನ ಹಳೆ ಸೀರೆ ಸುತ್ತಿಕೊಂಡು ನಮ್ಮ ಕಾಲ ಬಳಿ ಮಲಗಿದ್ದ ಆ ಭಾರದ ವಸ್ತುವನ್ನು ನೋಡಿ, ಎದುರು ಸೀಟಿನ ಮುದುಕರೊಬ್ಬರು ಹಾರ್ಮೋನಿಯಮ್ಮೇ ಎಂದು ಕೇಳಿದರು. ಅಪ್ಪ ಗಂಭೀರವಾಗಿ ಹೌದೆಂದರು. ಮುದುಕರು ಒಂದು ಕೀರ್ತನೆ ಆಗಲಿ ಎಂದು ಬಿಡದೆ ಕೇಳಿದಾಗ, ಅಮ್ಮ ಕಿಟಕಿಗೆ ಮುಖ ಮಾಡಿ ಅಲುಗಾಡಿ ನಕ್ಕಳು. ಬೇಸಿಗೆಯ ಶುರುವಿನಿಂದ ಅವಳು ಹಾಗೆ ನಕ್ಕಿರಲಿಲ್ಲ.

ಅಪ್ಪ ಕಬ್ಬಿಣದ ಪಟ್ಟಿ ಬಗ್ಗಿಸಿ ಅದನ್ನು ಗಾಡಿಗೆ ಬಿಗಿಯುವ ಕ್ಲಾಂಪು ಮಾಡಿದರು, ಓರೆಯಾಗಿದ್ದ ಪೈಪಿಗೆ ಸರಿಹೊಂದುವ ರಬ್ಬರ್ ಹೋಸ್ ಹುಡುಕಿ ತಂದರು. ಜೋಡಿಸಿದ ದಿನ ಎಂಜಿನ್ ಚಾಲೂ ಮಾಡಿ, ನನ್ನ ಕೈಗೆ ಹಳೆ ಪತ್ರಿಕೆಯ ಹಾಳೆ ಕೊಟ್ಟು, ಮುಂದಿನ ಜಾಲರಿಯ ಹತ್ತಿರ ಹಿಡಿ ಎಂದರು. ಗಾಳಿ ಹಾಳೆಯನ್ನು ಕಸಿದುಕೊಂಡಿತು. ಅದು ಜಾಲರಿಗೆ ಅಂಟಿ ನಿಂತಿತು, ಮೂಲೆಗಳು ಕೂಡ ಅಲುಗಲಿಲ್ಲ. ಅಪ್ಪ ಹೇಳಿದ್ದು ಇಷ್ಟೇ:

"ಈಗ ಉಸಿರಾಡಾಕ ಹತ್ತೇದ."

ಕಡಿಯಂಗೆ ಈ ಸಲ ಅಪ್ಪನೂ ಬಂದರು. ನಾನು ಓಡಿಸುತ್ತೇನೆ ಎಂದರು. ಬರ್ರಿ, ಆದರೆ ಸ್ಟಿಯರಿಂಗ್ ಕೇಳಬ್ಯಾಡ್ರಿ ಎಂದಳು ಅಮ್ಮ. ರೋಹಿಣಿಯ ಬಿಸಿಲು, ರಸ್ತೆಯ ಡಾಂಬರು ದೂರದಲ್ಲಿ ನೀರಿನ ಹಾಗೆ ಮಿಂಚುತ್ತಿತ್ತು. ತೆಂಗಿನ ಸಸಿ, ಗುಲಾಬಿ, ಮಲ್ಲಿಗೆ ತುಂಬಿ ಒದ್ದೆ ಗೋಣಿ ಹೊದಿಸಿ ಹೊರಟೆವು. ಅಪ್ಪ ಕಿಟಕಿಯಿಂದ ಆಚೆ ನೋಡಲೇ ಇಲ್ಲ, ಮುಳ್ಳನ್ನೇ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ಅನ್ನವರಂ ಹತ್ತಿರದ ಏರಿನಲ್ಲಿ ಕಬ್ಬು ಹೇರಿದ ಲಾರಿಯೊಂದು ನಮ್ಮ ಮುಂದೆ ತೆವಳುತ್ತಿತ್ತು. ದಾಟುವ ಹಾಗಿರಲಿಲ್ಲ. ನಾವೂ ತೆವಳಿದೆವು. ಮುಳ್ಳು ಮೆಲ್ಲಗೆ ಏರಿತು. ಅಪ್ಪನ ಕೈ ನನ್ನ ಭುಜ ಹಿಡಿಯಿತು. ಹಿಡಿದದ್ದು ಅವರಿಗೇ ತಿಳಿದಿರಲಿಲ್ಲ.

"ಸುಗುಣಾ, ನಿಲ್ಲಿಸು."

"ಇರ್ರಿ."

"ನಿಲ್ಲಿಸಂದೆ!"

"ಒಂದ್ ನಿಮಿಷ ಇರ್ರಿ, ಏವಂಡೀ. ನೋಡ್ರಿ."

ಮುಳ್ಳು ಕೆಂಪಿಗೆ ಇನ್ನೂ ಜಾಗ ಬಿಟ್ಟು ನಿಂತಿತು. ಅಲ್ಲೇ ತುಸು ನಡುಗಿತು. ಏರು ಮುಗಿದು ಲಾರಿ ಎಡಕ್ಕೆ ಸರಿದಾಗ, ತಾನಾಗಿ ಕೆಳಗಿಳಿಯಿತು. ಅಪ್ಪ ಹಿಂದಕ್ಕೆ ಒರಗಿದರು. ಭುಜದ ಮೇಲಿನ ಅವರ ಕೈ ಸಡಿಲಾಯಿತು. ಅವರ ಕಣ್ಣಲ್ಲಿ ನೀರಿತ್ತು, ಬೆವರು ಎಂಬಂತೆ ಒರೆಸಿಕೊಂಡರು. ಅಮ್ಮ ರಸ್ತೆಯಿಂದ ಕಣ್ಣು ತೆಗೆಯದೆ, ಯಾರಿಗೆಂದಿಲ್ಲದೆ, ಹಸಿವಾಗಿದೆ ಎಂದಳು. ತುನಿಯಲ್ಲಿ ನಿಲ್ಲಿಸಿ ಪೆಸರಟ್ಟು ತಿಂದೆವು. ಅಪ್ಪ ಎರಡನೆಯದನ್ನೂ ತರಿಸಿಕೊಂಡರು, ಹಸಿಶುಂಠಿಯ ಚಟ್ನಿ ಇಷ್ಟು ರುಚಿ ಎಂದು ಈಗ ಗೊತ್ತಾಯಿತು ಅಂದರು. ಊಟದ ನಡುವೆ ಎದ್ದು ಹೋಗಿ ಬಾನೆಟ್ ಮುಟ್ಟಿ ನೋಡಲಿಲ್ಲ. ಅನಕಾಪಲ್ಲಿ ದಾಟುವಾಗ ಅವರ ತಲೆ ಕಿಟಕಿಗೆ ತಾಗಿ ತೂಗುತ್ತಿತ್ತು. ಗೊರಕೆ ಎಂಜಿನ್ನಿನ ಸದ್ದಿನ ಜೊತೆ ಬೆರೆತುಹೋಗಿತ್ತು.

ಸಂಜೆಯ ಬೆಳಕಿರುವಾಗಲೇ ಪೆಂಡುರ್ತಿ ತಲುಪಿದೆವು. ಗೇಟು ತೆಗೆಯುವ ಸದ್ದಿಗೆ ಪದ್ಮಾ ಆಂಟಿ ಓಡಿ ಬಂದರು. ಹಿಂದಿನ ಸಲದ ನೆನಪಿನಿಂದ ಅವರ ಮುಖ ಮೊದಲೇ ಬಾಡಿತ್ತು. ಅಮ್ಮ ಇಳಿದಳು. ಆಂಟಿ ಅವಳ ಎರಡೂ ಕೈಗಳನ್ನು ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಏನಾಯ್ತ್ರೀ ದಾರೀಲಿ? ಹೇಳ್ರೀ, ಏನಾಯ್ತು?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಗಾಡಿಯ ಹಿಂಬಾಗಿಲು ತೆಗೆಯುತ್ತ ಹೇಳಿದಳು:

"ಏನೂ ಆಗ್ಲಿಲ್ಲ ಪದ್ಮಾ. ಬಾ, ಈ ಮಲ್ಲಿಗೆ ಕುಂಡ ಒಂದು ಹಿಡ್ಕೋ."